ತಲೆಗೆ ನಾಲ್ಕು ಇಡ್ಲಿ

ನನ್ನ ಗಂಡನಿಗೆ ಒಂದು ಕಾಯಿಲೆಯಿದೆ. ಹೊಸದೇನಾದರೂ ಕಿವಿಗೆ ಬಿದ್ದರೆ ಮರುದಿನವೇ ಅದನ್ನು ಹೋಟೆಲಿನಲ್ಲಿ ಪ್ರಯೋಗ ಮಾಡಬೇಕು. ಚೆನ್ನೈಯ ಪೋರೂರಿನಲ್ಲಿ ಆಸ್ಪತ್ರೆಯೊಂದರ ಹಿಂದಿನ ಬೀದಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿದೆ. ನಾನು ಗಿಂಡಿಯ ಕಡೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ಎರಡು ಕಸುಬು ಒಂದೇ ಮನೆಯಲ್ಲಿ ಇರಬಾರದೆಂದು ಗೊತ್ತಾದದ್ದು ಕಳೆದ ವರ್ಷ.

ಒಂದು ಸಂಜೆ ಟಿವಿಯಲ್ಲಿ ದೇಶದ ತಲಾ ಆದಾಯ ಏರಿದೆ ಎಂಬ ಸುದ್ದಿ ಬಂತು. ತಮಗೇ ಬಹುಮಾನ ಬಂದ ಹಾಗೆ ಇವರು ನೆಟ್ಟಗೆ ಕೂತರು.

"ತಲಾ ಅಂದ್ರೆ ಎಂಥದು ಮಾರಾಯ್ತಿ?"

ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಲ್ಲಿದ್ದ ಪ್ರಶ್ನೆಯೂ ಅದೇ ಜಾತಿಯದು: ತಲಾ ಆದಾಯದಿಂದ ಬಡತನ ತಿಳಿಯುತ್ತದೆಯೇ? ಹುಡುಗರೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ನಾನು ತಲೆ ಎತ್ತದೆ, "ಎಲ್ಲರದ್ದೂ ಕೂಡಿಸಿ ತಲೆಗೆ ಇಷ್ಟು ಅಂತ ಭಾಗ ಮಾಡುದು. ಆದ್ರೆ..." ಎಂದೆ. ಆದರೆಯ ಮುಂದಿನದನ್ನು ಕೇಳುವ ತಾಳ್ಮೆ ಇವರಿಗೆಲ್ಲಿ?

ಬೆಳಗಿನ ಗಿರಾಕಿಗಳ ನೂಕುನುಗ್ಗಲು ಇಳಿದ ಮೇಲೆ ನಮ್ಮ ಕೆಲಸದವರೆಲ್ಲ ಹಿಂದಿನ ಕೋಣೆಯಲ್ಲಿ ಸಾಲಾಗಿ ಕೂತು ಬಾಳೆಲೆಯಲ್ಲಿ ತಿಂಡಿ ತಿನ್ನುವುದು ಮಾವನವರ ಕಾಲದ ಪದ್ಧತಿ. ಇಡ್ಲಿಯ ಪಾತ್ರೆ ಎರಡು ಸುತ್ತು ಬರುತ್ತಿತ್ತು. ಬೇಕಾದವರು ಬೇಕಾದಷ್ಟು ಹಾಕಿಸಿಕೊಳ್ಳುತ್ತಿದ್ದರು. ಇವರು ಒಟ್ಟು ಇಡ್ಲಿಯನ್ನು ತಲೆಗಳಿಂದ ಭಾಗಿಸಿ, ನಾಲ್ಕು ಎಂದು ಕಂಡುಹಿಡಿದರು. ಮರುದಿನದಿಂದ ಎಲ್ಲರ ಎಲೆಗೂ ಮೊದಲೇ ನಾಲ್ಕು. ಎರಡನೇ ಸುತ್ತು ಬಂದ್.

ಸ್ವಲ್ಪ ದಿನ ಕಳೆದು ದೋಸೆ ಭಟ್ಟರು ನನ್ನ ಹತ್ತಿರ ಬಂದರು. "ಅಕ್ಕ, ಊರಲ್ಲಿ ಮಗಳ ಮನೆಯಲ್ಲಿ ಪೂಜೆ ಉಂಟು. ಬುಧವಾರ ಹೊರಡ್ತೇನೆ."

"ವಾಪಸ್ ಯಾವಾಗ ಭಟ್ರೇ?"

"ನೋಡುವ."

ಅಡುಗೆಯವರು ಪೂಜೆಯ ಹೆಸರು ಹೇಳಿ, ಬರುವ ದಿನ ಹೇಳಲಿಲ್ಲವೆಂದರೆ ಅವರು ಬರುವುದಿಲ್ಲ ಎಂದೇ ಲೆಕ್ಕ. ನನಗೆ ನಿಜಕ್ಕೂ ಭಯವಾಯಿತು. ನಮ್ಮ ಹೋಟೆಲಿಗೆ ಜನ ಬರುವುದೇ ಅವರ ದೋಸೆಗೆ. ಇವರು ಸಂಬಳ ಹೆಚ್ಚು ಮಾಡುತ್ತೇನೆಂದರು. ಭಟ್ಟರು ಬೇಡವೆಂದು ತಲೆಯಾಡಿಸಿದರು.

ಭಾನುವಾರ ಕಾಲೇಜಿಗೆ ರಜೆ. ನಾನೂ ಹೋಗಿ ತಿಂಡಿಯ ಸಾಲಿನಲ್ಲಿ ಕೂತೆ. ನನ್ನ ಪಕ್ಕದಲ್ಲಿ ಇವರ ಸೋದರಮಾವ, ನಮ್ಮ ಕ್ಯಾಷಿಯರ್. ಸಕ್ಕರೆ ಕಾಯಿಲೆಯವರು, ಎರಡೇ ತಿಂದು ಎಲೆ ಮಡಚಿದರು. ಉಳಿದ ಎರಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಎಲೆಗೆ ಬಿದ್ದ ಮೇಲೆ ಅದು ಎಂಜಲು. ನೆಟ್ಟಗೆ ಕಸದ ತೊಟ್ಟಿಗೆ ಹೋಯಿತು. ಎದುರಿಗೆ ಭಟ್ಟರು. ನಸುಕಿನಿಂದ ಕಾವಲಿಯ ಮುಂದೆ ಬೆಂದ ಮನುಷ್ಯ. ಅವರ ಎಲೆ ತೊಳೆದಿಟ್ಟ ಹಾಗಿತ್ತು. ಅವರು ಎರಡು ಲೋಟ ನೀರು ಕುಡಿದು ಎದ್ದರು. ಬಾಯಿಬಿಟ್ಟು ಅನ್ನ ಕೇಳುವ ಜನವಲ್ಲ ಅದು. ನನಗೆ ಸಿಟ್ಟು ಬಂತು.

ಇವರನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ.

"ಒಂದು ಇಡ್ಲಿಯೂ ಕಮ್ಮಿ ಮಾಡ್ಲಿಲ್ಲ ನಾನು. ಲೆಕ್ಕ ಸರಿ ಉಂಟಲ್ಲ?" ಎಂದರು.

"ಲೆಕ್ಕ ಸರಿ ಉಂಟು. ಎಷ್ಟು ಬೇಯಿಸಿದ್ದು ಅಂತ ನಿಮ್ಮ ನಾಲ್ಕು ಹೇಳ್ತದೆ. ಯಾರು ತಿಂದದ್ದು ಅಂತ ಈ ತೊಟ್ಟಿಯನ್ನು ಕೇಳಿ."

ಅವರು ತೊಟ್ಟಿಗೆ ಬಗ್ಗಿ ನೋಡಿದರು. ಹೋಟೆಲಿನವರ ಮಗ, ಎಸೆದ ಇಡ್ಲಿ ಕಂಡರೆ ಜೀವ ಹೋಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ, ಮನಸ್ಸಿನಲ್ಲೇ.

ಮರುದಿನ ನಾನು ಕಾಲೇಜಿಗೆ ರಜೆ ಹಾಕಿ ಹೋಟೆಲಿಗೆ ಹೋದೆ. ಪಾತ್ರೆ ಹಿಡಿದು ಬಡಿಸಲು ಬಂದವರು ಇವರೇ. ಬೇಯಿಸಿದ್ದು ಎಂದಿನಷ್ಟೇ. ಸೋದರಮಾವನಿಗೆ ಎರಡು. ಭಟ್ಟರ ಮುಂದೆ ಮಾತ್ರ ಪಂಚೆ ಎತ್ತಿ ಕಟ್ಟಿ ನಿಂತುಬಿಟ್ಟರು. "ಇನ್ನೊಂದು ಭಟ್ರೇ... ಇದೊಂದು..." ಭಟ್ಟರು ಕೊನೆಗೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಸಾಕು ರಾಯ್ರೇ, ನನ್ನನ್ನು ಕೊಲ್ತೀರಾ!" ಎಂದರು. ಸಾಲಿಗೆ ಸಾಲೇ ನಕ್ಕಿತು. ಪಾತ್ರೆಯೂ ಖಾಲಿ, ತೊಟ್ಟಿಯೂ ಖಾಲಿ.

ಕೈ ತೊಳೆದು ಬಂದ ಭಟ್ಟರು ನನ್ನ ಹತ್ತಿರ, "ಅಕ್ಕ, ಪೂಜೆ ಮುಂದೆ ಹಾಕಿದ್ದಾರಂತೆ" ಎಂದರು. ಅವರ ಫೋನು ಬೆಳಗಿನಿಂದ ಗೋಡೆಯ ಗೂಡಿನಲ್ಲೇ ಇತ್ತು. ನಾನು ಅದರ ಕಡೆ ನೋಡಲೇ ಇಲ್ಲ.

ಮೊನ್ನೆ ಟಿವಿಯಲ್ಲಿ ಮತ್ತೆ ಅದೇ ಸುದ್ದಿ ಬಂತು, ತಲಾ ಆದಾಯ ಇನ್ನೂ ಏರಿದೆಯೆಂದು. ಇವರು ಈ ಸಲ ನೆಟ್ಟಗೆ ಕೂರಲಿಲ್ಲ. ಒರಗಿದ್ದಲ್ಲಿಂದಲೇ ಸುದ್ದಿ ಓದುವ ಹುಡುಗಿಯನ್ನು ಕೇಳಿದರು:

"ಅದೆಲ್ಲ ಸರಿ ತಂಗಿ, ಭಟ್ರ ಎಲೆಗೆ ಎಷ್ಟು ಬಿತ್ತು?"