ತಾತನ ಎಡೆಗೆ ಜಂತಿನ ಔಷಧಿ

ಆಂಧ್ರದಲ್ಲಿ ಸಾರಾಯಿ ಬಂದ್ ಆದಾಗ ಅದು ಸರ್ಕಾರದ ಕೆಲಸ ಎಂದು ನಮ್ಮ ತಾತ ಒಪ್ಪಲೇ ಇಲ್ಲ. ಅದು ನಮ್ಮ ಅಜ್ಜಿಯ ಕೆಲಸ ಎಂದೇ ಅವನ ನಂಬಿಕೆ. ಹಾಗೆ ನಂಬಲು ಕಾರಣವೂ ಇತ್ತು. ಅದಕ್ಕೂ ಮುಂಚೆ ನಮ್ಮೂರ ಸಾರಾಯಿ ಅಂಗಡಿಗೆ ಪೊರಕೆ ಹಿಡಿದು ನುಗ್ಗಿದ ಹೆಂಗಸರ ಗುಂಪಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಅಜ್ಜಿ. ಅಂಗಡಿಯೊಳಗೆ ಎಲ್ಲರಿಗಿಂತ ಹಿಂದೆ, ಬಾನಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ತಾತ.

"ಹೈದರಾಬಾದಿಗೆ ಹೋಗಿ ಹೇಳಿ ಬಂದಿದ್ದೇನು ನೀನು?" ಎಂದು ನಿಷೇಧ ಬಂದ ದಿನ ಕೇಳಿದ.

"ಹೋಗಬೇಕಂತಿದ್ದೆ. ಅಷ್ಟರಾಗ ಅವರಿಗೇ ಬುದ್ಧಿ ಬಂತು," ಎಂದಳು ಅಜ್ಜಿ.

ನಮ್ಮೂರು ಡಿ. ಹಿರೇಹಾಳ್ ಕಡೆಯದು, ಗಡಿಗೆ ಮೈ ತಾಗಿಸಿಕೊಂಡು ಮಲಗಿದಂತಿದೆ. ನಮ್ಮ ಕುರಿ ರೊಪ್ಪದ ಮುಳ್ಳುಬೇಲಿಯ ಹಿಂದೆ ಶೇಂಗಾ ಹೊಲಗಳು, ಹೊಲ ದಾಟಿದರೆ ಒಂದು ಹಳ್ಳ, ಹಳ್ಳದಾಚೆ ಒಂದು ಗಡಿ ಕಲ್ಲು, ಕಲ್ಲಿನಾಚೆ ಬಳ್ಳಾರಿ ಸೀಮೆ. ಕಲ್ಲಿನ ಈಚೆ ಕುಡಿದರೆ ಜೈಲು, ಆಚೆ ಕುಡಿದರೆ ಬರೀ ತಲೆನೋವು. ನಿಷೇಧ ಬಂದ ಮೇಲೆ ತಾತ ಕುರಿಗಳನ್ನು ಮೂಡಲ ಕಡೆ ಹೊಡೆಯುವುದನ್ನೇ ಬಿಟ್ಟ. ಪಡುವಲ ಕಡೆ ಹುಲ್ಲು ಬಹಳ ಸೊಗಸಾಗಿದೆ ಎನ್ನುತ್ತಿದ್ದ. ಎರಡೂ ಕಡೆ ಇದ್ದದ್ದು ಅದೇ ಕಲ್ಲು, ಅದೇ ಜಾಲಿ. ಆದರೂ ಸಂಜೆ ಕುರಿಗಳು ಹೊಟ್ಟೆ ಹೊರೆದುಕೊಂಡು, ತಾತ ಹಾಡು ಹೇಳಿಕೊಂಡು ವಾಪಸು ಬರುತ್ತಿದ್ದರು. ಬಾಗಿಲು ತೆಗೆ ಎಂದು ಅವನು ಕೂಗುತ್ತಿರಲಿಲ್ಲ. ತಲೆಯಿಂದ ಗುದ್ದುತ್ತಿದ್ದ. ಆಗ ಶುರುವಾಗುತ್ತಿತ್ತು ಅಜ್ಜಿಯ ಬೈಗುಳ. ಅದಕ್ಕೊಂದು ಕ್ರಮವಿತ್ತು, ಒಂದು ಮಾತೂ ಹಿಂದೆಮುಂದೆ ಆಗುತ್ತಿರಲಿಲ್ಲ. ನಾನು ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿದ್ದು ಅದನ್ನೇ.

ಆ ಬೇಸಿಗೆ ತಾತನಿಗೆ ಜ್ವರ ಬಂತು. ಮಲಗಿದ್ದಲ್ಲಿಂದಲೇ ಒಂದು ಸಂಜೆ ಅಜ್ಜಿಗೆ ಹೇಳಿದ: "ನಾ ಸತ್ತ ಮ್ಯಾಲ ಹಿರಿಯರ ಹಬ್ಬಕ್ಕ ಎಡಿ ಇಡ್ತೀಯಲ್ಲ, ಅದರಾಗ ಒಂದ್ ಗ್ಲಾಸ್ ಸಾರಾಯಿ ಇರಬೇಕು. ಇಲ್ಲಂದ್ರ ನಿನ್ನ ಹೊಸ್ತಿಲು ತುಳಿಯಂಗಿಲ್ಲ ನೋಡು."

"ತುಳೀಬ್ಯಾಡ. ಹೊಸ್ತಿಲಾದ್ರೂ ಗಟ್ಟಿ ಉಳೀತೈತಿ," ಎಂದಳು ಅಜ್ಜಿ.

ಬೆಳಗಾಗುವಷ್ಟರಲ್ಲಿ ತಾತ ಹೋಗಿಬಿಟ್ಟಿದ್ದ. ಯಾವ ಜಗಳದಲ್ಲೂ ಕೊನೆಯ ಮಾತು ತನ್ನದೇ ಆಗಬೇಕೆಂದು ಬದುಕಿಡೀ ಹಟ ಹಿಡಿದಿದ್ದ ಅಜ್ಜಿಗೆ ಅದು ಸಿಕ್ಕಿತು. ಸಿಕ್ಕಿದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಭಾದ್ರಪದ ಕಳೆಯುತ್ತಾ ಬಂತು. ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ಹಿರಿಯರು ಉಣ್ಣುವಾಗ ನೋಡಬಾರದು. ಆಮೇಲೆ ಬಾಗಿಲು ತೆರೆದಾಗ ಅನ್ನದ ಮೇಲೆ ಒಂದು ಇರುವೆ ಹರಿದಿದ್ದರೂ ಸಾಕು, ಬಂದಿದ್ದರು ಎಂದು ಲೆಕ್ಕ. ಹಬ್ಬ ಹತ್ತಿರವಾದಂತೆ ಅಜ್ಜಿ ಒಳಗೊಳಗೇ ಬೇಯತೊಡಗಿದಳು. ತಾತ ಆಡಿದ ಮಾತನ್ನು ಬದುಕಿದ್ದಾಗ ಒಮ್ಮೆಯೂ ಉಳಿಸಿಕೊಂಡವನಲ್ಲ. ಇದೊಂದನ್ನು ಎಲ್ಲಿ ಉಳಿಸಿಕೊಂಡುಬಿಡುತ್ತಾನೋ ಎಂಬುದೇ ಅವಳ ಭಯ.

ಕೊನೆಗೆ ಹಬ್ಬದ ಹಿಂದಿನ ಸಂಜೆ ಬಾಯಿ ಬಿಟ್ಟಳು. "ಒಂದ್ ಗ್ಲಾಸ್ ತರಿಸ್ಬೇಕು."

ನಮ್ಮ ಚಿಗಪ್ಪ ತಟ್ಟನೆ ಎದ್ದು ಕೂತ. "ನಾ ಹೋಗಿ ಬರ್ತೀನವ್ವ."

"ನೀ ಹೋದ್ರ ಬರೋದು ಬರೀ ಪ್ಯಾಕೆಟಿನ ಕವರು," ಎಂದಳು ಅಜ್ಜಿ.

ಅಪ್ಪನೂ ಹೋಗುವಂತಿರಲಿಲ್ಲ. ಹಳ್ಳದ ದಾರಿಯಲ್ಲಿ ಅಬಕಾರಿಯವರು ಆಗಾಗ ಬಂದು ಕೂರುತ್ತಿದ್ದರು, ಗಂಡಸರನ್ನು ಕಂಡರೆ ಪಂಚೆಯ ಮಡಿಕೆಯನ್ನೂ ಬಿಚ್ಚಿಸಿ ನೋಡುತ್ತಿದ್ದರು. ಅಜ್ಜಿಯ ಕಣ್ಣು ಮನೆಯೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. ನನಗೆ ಹನ್ನೆರಡೋ ಹದಿಮೂರೋ. ನಡೆಯಲು ಬಂದಾಗಿನಿಂದ ಕುರಿ ಕಾದವಳು. ಶಾಲೆ ತಪ್ಪಿಸಿ ಗಡಿ ದಾಟಿ ಸಾರಾಯಿ ತಾ ಎಂದು ಮನೆಯ ಹಿರಿಯರೇ ಹೇಳಿದರೆ ಯಾವ ಹುಡುಗಿ ಬೇಡ ಅಂದಾಳು?

ಬೆಳಿಗ್ಗೆ ಕುರಿಗಳನ್ನು ಹೊಡೆದುಕೊಂಡು ಹೊರಟೆ. ಹೆಗಲ ಚೀಲದಲ್ಲಿ ರೊಟ್ಟಿ, ಕುರಿಗಳ ಜಂತಿನ ಔಷಧಿಯ ಖಾಲಿ ಬಾಟಲಿ, ಜೊತೆಗೆ ಗೊಟ್ಟ. ಗೊಟ್ಟ ಅಂದರೆ ದನಕ್ಕೆ, ಕುರಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ, ಬಾಯಿ ಓರೆಯಾಗಿ ಕೊಯ್ದಿರುತ್ತದೆ. ಮಂದೆಯ ಮುಂದೆ ತಾತನ ಟಗರು. ತಾಯಿ ಸತ್ತ ಮರಿಯನ್ನು ಅವನೇ ಹಾಲು ಕುಡಿಸಿ ಸಾಕಿದ್ದ. ಈಗ ಕೊಂಬು ಎರಡು ಸುತ್ತು ಸುತ್ತಿ, ಊರ ನಾಯಿಗಳೆಲ್ಲ ದಾರಿ ಬಿಡುತ್ತಿದ್ದವು. ಅದು ಹೋದಲ್ಲಿಗೆ ಮಂದೆ ಹೋಗುತ್ತಿತ್ತು.

ಗಡಿಯಾಚೆಯ ಊರಿನಲ್ಲಿ ನಮ್ಮ ಅತ್ತೆ ಇದ್ದಳು, ಅಪ್ಪನ ಅಕ್ಕ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮವ್ವ ಸಾರಾಯಿ ಕೇಳಿ ಕಳಿಸ್ಯಾಳ? ಸೂರ್ಯ ಯಾವ್ ಕಡೆ ಹುಟ್ಯಾನ ನೋಡಿ ಬರ್ತೀನಿ ತಡಿ!" ನಗುತ್ತಲೇ ಹೋಗಿ ಪ್ಯಾಕೆಟ್ ತಂದು, ಬಾಟಲಿ ತೊಳೆದು, ತೊಳೆದು, ಮೂಗಿಗೆ ಹಿಡಿದು ನೋಡಿದಳು. "ಔಷಧಿ ವಾಸ್ನಿ ಹೋಗವಲ್ದು. ಹೋಗ್ಲಿ, ಅಪ್ಪನ ಹೊಟ್ಯಾಗಿನ ಜಂತಾದ್ರೂ ಸಾಯ್ಲಿ," ಎಂದು ಸುರಿದು ಬಿರಡೆ ಹಾಕಿದಳು. ಕಂದು ಬಣ್ಣದ ಬಾಟಲಿ, ಮೇಲೆ ದನದ ಆಸ್ಪತ್ರೆಯ ಚೀಟಿ. ನೋಡಿದವರು ಕುರಿಗೆ ಹುಷಾರಿಲ್ಲವೇ ಎಂದು ಮರುಗಬೇಕು, ಹಾಗಿತ್ತು.

ಮರಳುವಾಗ ಹಳ್ಳದ ಈಚೆ, ಬೇವಿನ ಮರದ ಕೆಳಗೆ ಅಬಕಾರಿಯ ಜವಾನ ಕೂತಿದ್ದ. ನಡುವಯಸ್ಸು, ದಪ್ಪ ಮೀಸೆ, ಅರ್ಧ ತೆಲುಗು ಅರ್ಧ ಕನ್ನಡ. ಶೇಂಗಾ ಸುಲಿದು ತಿನ್ನುತ್ತಿದ್ದ.

"ಏಂ ಪಾಪಾ, ಚೀಲದಾಗ ಏನು?"

"ರೊಟ್ಟಿ ಸಾರ್."

"ಇಷ್ಟ್ ಕುಲುಕಾಡೋ ರೊಟ್ಟಿ ನಮ್ಮ ಕಡೆ ಮಾಡಂಗಿಲ್ಲ. ತೆಗಿ."

ತೆಗೆದೆ. ಚೀಟಿ ಓದಿದ. ಬಾಟಲಿಯನ್ನು ಬಿಸಿಲಿಗೆ ಹಿಡಿದ.

"ಜಂತಿನ ಔಷಧಿ ಸಾರ್. ಟಗರಿಗೆ," ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. "ಪಾಪ, ಬಾಳ ತ್ರಾಸು ಪಡ್ತೈತ್ರಿ," ಎಂದು ಸೇರಿಸಿದೆ.

ಜವಾನ ಟಗರನ್ನು ನೋಡಿದ. ಅದು ಒಂದು ಜಾಲಿ ಗಿಡವನ್ನು ಬೇರುಸಹಿತ ಕೀಳುವ ಯತ್ನದಲ್ಲಿತ್ತು.

"ಅಯ್ಯೋ ಪಾಪ," ಎಂದ. "ಅಷ್ಟ್ ತ್ರಾಸಿದ್ರ ಮನೀತನಕ ಯಾಕ ಕಾಯ್ತಿ? ಈಗಲೇ ತಾಗಿಂಚು. ಕುಡಿಸು, ನಾನೂ ನೋಡ್ತೀನಿ."

ನನಗೊಂದು ಉಪಾಯ ಹೊಳೆಯಿತು. ಯಾವ ಕುರಿಯೂ ಔಷಧಿಯನ್ನು ಸುಮ್ಮನೆ ಕುಡಿಯುವುದಿಲ್ಲ. ದವಡೆ ಹಿಡಿಯಬೇಕು, ತಲೆ ಎತ್ತಬೇಕು, ಗೊಟ್ಟ ತುರುಕಬೇಕು, ಅದು ಉಗುಳಬೇಕು, ಇಬ್ಬರೂ ಒದ್ದಾಡಬೇಕು. ನಾಲ್ಕು ಹನಿ ಚೆಲ್ಲಿ, ಈ ಟಗರು ನನ್ನ ಕೈಗೆ ಬಗ್ಗುವುದಿಲ್ಲ ಸಾರ್ ಎಂದು ಉಳಿದದ್ದನ್ನು ಮನೆಗೆ ಒಯ್ಯುವುದು.

ಗೊಟ್ಟಕ್ಕೆ ಒಂದಿಷ್ಟು ಸುರಿದೆ. ವಾಸನೆ ಮೂಗಿಗೆ ತಾಗಿತೋ ಇಲ್ಲವೋ, ಟಗರು ಜಾಲಿ ಬಿಟ್ಟು ತಾನಾಗಿಯೇ ಬಂತು. ನನ್ನೆದುರು ನಿಂತು, ಕತ್ತು ಎತ್ತಿ, ಬಾಯಿ ತೆರೆಯಿತು. ಗುಟುಕು ಗುಟುಕಾಗಿ, ಒಂದು ಹನಿ ಚೆಲ್ಲದಂತೆ ಕುಡಿದು, ತುಟಿ ನೆಕ್ಕಿಕೊಂಡು, ಮತ್ತೆ ಬಾಯಿ ತೆರೆಯಿತು.

ಆ ಟಗರಿಗೆ ಅದು ಮೊದಲ ಸಲವಲ್ಲ. ಪಡುವಲ ಸೀಮೆಯ ಹುಲ್ಲಿನ ಸೊಗಸು ಏನೆಂದು ನನಗೆ ಗೊತ್ತಾದದ್ದು ಆಗ. ತಾತ ಒಬ್ಬನೇ ಕುಡಿಯುತ್ತಿರಲಿಲ್ಲ.

"ಪೂರ್ತಿ ಹಾಕಮ್ಮ, ಅರ್ಧಕ್ಕ ಬಿಟ್ರ ಜಂತು ಸಾಯಂಗಿಲ್ಲ," ಎಂದ ಜವಾನ. ಪೂರ್ತಿ ಹಾಕಿದೆ. ಖಾಲಿ ಬಾಟಲಿಯನ್ನು ಅವನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದ. ಮೀಸೆಯೊಳಗೇ ನಕ್ಕ.

"ನನಗೂ ಇಂಥದ್ದೇ ಜಂತು ಐತಿ ತಾಯಿ. ಏನ್ ಮಾಡ್ಲಿ, ಕೆಲಸ ಇಂಥದ್ದು," ಎಂದು ಬಾಟಲಿ ಕೈಗಿಟ್ಟ. "ಹೋಗು, ಹುಷಾರು. ನಿಮ್ಮ ಪೇಷಂಟು ಬಿದ್ದಾನು."

ಬೀಳಲಿಲ್ಲ, ಆದರೆ ಉಳಿದದ್ದೆಲ್ಲ ಮಾಡಿತು. ದಾರಿಯ ಒಂದು ಮೋಟು ಕಲ್ಲಿಗೆ ಹಿಂದೆ ಸರಿದು ಸರಿದು ಡಿಕ್ಕಿ ಹೊಡೆಯಿತು. ಕಲ್ಲು ಸೋಲೊಪ್ಪದಿದ್ದಾಗ ಅದರ ಪಕ್ಕದಲ್ಲೇ ನಿಂತು ಒಂದಿಷ್ಟು ಹೊತ್ತು ವಿಚಾರ ಮಾಡಿತು. ನೊಗ ಬಿಚ್ಚಿ ನಿಲ್ಲಿಸಿದ ಬಂಡಿಯೊಂದಕ್ಕೆ ಸವಾಲು ಹಾಕಿತು. ಅದು ಎಡಕ್ಕೆ ವಾಲಿದರೆ ಮಂದೆಯೆಲ್ಲ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಮುಂದಿನದು ಹೋದಂತೆ ಹೋಗುವುದು ಕುರಿಯ ಬುದ್ಧಿ, ಹೊಟ್ಟೆಗೆ ಹನಿ ಬೀಳದ ಕುರಿಗಳೂ ಮುಖ ಗಂಭೀರ ಮಾಡಿಕೊಂಡು ಊರಿನ ದಾರಿಯುದ್ದಕ್ಕೂ ತೂರಾಡಿದವು. ಶೇಂಗಾ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು.

"ಯಾಕವ್ವಾ, ನಿಮ್ಮ ಕುರಿಗೆ ದೆವ್ವ ಹೊಕ್ಕಾವೇನು?"

"ದೆವ್ವ ಅಲ್ಲ ಬಿಡೇ, ನಡಿಗಿ ನೋಡು. ಅವರ ತಾತನೇ ಹೊಕ್ಕಾನ!"

ಅವರು ನಕ್ಕರು. ನನಗೆ ಅಳು. ಎಡೆಗೆ ಗ್ಲಾಸು ತುಂಬಿಸಲು ಹೋದವಳು ತಾತನ ಊಟವನ್ನೇ ತಪ್ಪಿಸಿದೆ ಎಂದು.

ಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಮುತ್ತುಗದ ಎಲೆಯ ಮೇಲೆ ಹೋಳಿಗೆ, ಅನ್ನ, ಕೋಳಿ ಸಾರು, ಅಲಸಂದಿ ವಡೆ, ವೀಳ್ಯದೆಲೆ. ಪಕ್ಕದಲ್ಲಿ ಬೀಡಿ ಕಟ್ಟು. ಮಡಿಸಿಟ್ಟ ತಾತನ ಕಂಬಳಿ. ಬೆಳಗಿ ಬೆಳಗಿ ಹೊಳೆಯುತ್ತಿದ್ದ ಒಂದು ಖಾಲಿ ಸ್ಟೀಲ್ ಗ್ಲಾಸು. ನಾನು ಖಾಲಿ ಬಾಟಲಿ ಮುಂದೆ ಹಿಡಿದು ನಡೆದದ್ದೆಲ್ಲ ಹೇಳಿದೆ. ಚಿಗಪ್ಪ ಬಾಟಲಿ ಇಸಿದುಕೊಂಡು ತಲೆಕೆಳಗು ಮಾಡಿ ಅಂಗೈಗೆ ಬಡಿದು ನೋಡಿದ.

ಅಜ್ಜಿ ನನ್ನನ್ನು ಬೈಯಲಿಲ್ಲ, ಅದಕ್ಕೇ ಭಯವಾಯಿತು. ಗ್ಲಾಸನ್ನು ತೆಗೆದುಕೊಂಡು ಮಜ್ಜಿಗೆ ಮಡಕೆಯವರೆಗೆ ಹೋಗಿ, ಹಾಗೇ ವಾಪಸು ಬಂದು ಖಾಲಿಯನ್ನೇ ಇಟ್ಟಳು. "ಮಜ್ಜಿಗಿ ಇಟ್ರ ಇನ್ನೂ ಸಿಟ್ಟಿಗೇಳ್ತಾನ," ಎಂದಳು. ದೀಪ ಹಚ್ಚಿ ಬಾಗಿಲು ಮುಂದೆ ಮಾಡಿದಳು. ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕೂತೆವು.

ಹೊತ್ತು ಇಳಿಯುತ್ತಿತ್ತು. ಕೊನೆಗೆ ಚಿಗಪ್ಪ, "ಬರಂಗಿಲ್ಲ ಬಿಡವ್ವ. ನಾನಾಗಿದ್ರೂ ಬರ್ತಿದ್ದಿಲ್ಲ," ಎಂದ.

"ನೀ ಸುಮ್ಕಿರು," ಎಂದಳು ಅಜ್ಜಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಆಗ ರೊಪ್ಪದ ಕಡೆ ಬೇಲಿ ಮುರಿದ ಸದ್ದಾಯಿತು. ಟಗರು ಮೈಗೆಲ್ಲ ಮುಳ್ಳು ಸಿಕ್ಕಿಸಿಕೊಂಡು, ಮುಂಗಾಲು ಒಂದು ಕಡೆ ಹಿಂಗಾಲು ಒಂದು ಕಡೆ ಹಾಕುತ್ತಾ ಅಂಗಳಕ್ಕೆ ಬಂತು. ನಮ್ಮನ್ನು ಯಾರೆಂದು ಗುರುತಿಸದವರಂತೆ ನೋಡಿತು. ಕಟ್ಟೆ ಹತ್ತಿ, ಬಾಗಿಲೆದುರು ನಿಂತು, ತಲೆಯಿಂದ ಗುದ್ದಿತು. ಮತ್ತೆ ಗುದ್ದಿತು.

ಅಪ್ಪ ಹಾರಿ ಕೊಂಬು ಹಿಡಿಯಲು ಹೋದ.

"ಬಿಡು!" ಎಂದು ಅಜ್ಜಿ ಕೂಗಿದಳು. "ಯಾರೂ ಮುಟ್ಟಬ್ಯಾಡ್ರಿ."

ಬಾಗಿಲು ತೆರೆದುಕೊಂಡಿತು. ಟಗರು ಹೊಸ್ತಿಲು ಎಡವಿ ಒಳಗೆ ಬಿತ್ತು, ಎದ್ದಿತು, ಎಲೆಯ ಮುಂದೆ ನಿಂತಿತು. ಹೋಳಿಗೆ ತಿಂದಿತು. ವಡೆ ತಿಂದಿತು. ಅನ್ನವನ್ನು ಎಲೆಸಮೇತ ತಿಂದಿತು. ವೀಳ್ಯದೆಲೆ ಆದ ಮೇಲೆ ಬೀಡಿ ಕಟ್ಟಿನಿಂದ ಎರಡೋ ಮೂರೋ ಎಳೆದು ಜಗಿಯಿತು. ಕೋಳಿ ಸಾರಿಗೆ ಮಾತ್ರ ಮೂಗು ಹಾಕಲಿಲ್ಲ.

"ಅಪ್ಪ ಆಗಿದ್ರ ಮೊದಲು ಕೋಳಿ ಮುಗಿಸ್ತಿದ್ದ," ಎಂದು ಚಿಗಪ್ಪ ಪಿಸುಗುಟ್ಟಿದ.

"ಹಲ್ಲು ಉದುರಿದ್ವಲ್ಲೋ ಆಮ್ಯಾಲ," ಎಂದಳು ಅಜ್ಜಿ, ಕಣ್ಣು ಕೀಳದೆ.

ಟಗರು ಕಂಬಳಿಯನ್ನು ಕೊಂಬಿನಿಂದ ಕೆದರಿ, ಅದರ ಮೇಲೆ ಉರುಳಿಕೊಂಡು, ಗೊರಕೆ ಹೊಡೆಯಲು ಶುರು ಮಾಡಿತು. ಅಜ್ಜಿ ಎದ್ದು ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಂದ್ಯಾ?" ಎಂದಳು. "ಊರಾಗಿನ ಕುಡುಕರೆಲ್ಲಾ ಮನಿ ಸೇರಿ ಮಲಗಿದ ಮ್ಯಾಲ ಬಂದ್ಯಾ? ಕುರಿಗೆ ಇರೋ ಬುದ್ಧಿ ನಿನಗಿಲ್ಲಲ್ಲೋ. ಅವು ಹೊಟ್ಟಿ ತುಂಬಿದ್ರ ಸುಮ್ಮನಾಗ್ತಾವ, ನಿನಗ ಹೊಟ್ಟಿ ಯಾವುದು ತಲಿ ಯಾವುದು ಗೊತ್ತಾಗಂಗಿಲ್ಲ. ನಮ್ಮಪ್ಪ ಕಣ್ಣು ಕಟ್ಕೊಂಡು ಕೊಟ್ಟ ನಿನಗ. ನಾಳೆ ತವರಿಗೆ ಹೋಗ್ತೀನಿ ನೋಡು, ಆಮ್ಯಾಲ..."

ಅಲ್ಲಿ ತಡೆದು ನಿಂತಳು. ಮುಂದಿನ ಮಾತು ನಮಗೆಲ್ಲ ಗೊತ್ತಿತ್ತು. ಆಮ್ಯಾಲ ನಿನ್ನ ರೊಟ್ಟಿ ನೀನೇ ಬಡ್ಕೋ. ಚಿಗಪ್ಪ ಬಾಯಿ ತೆರೆದ, ಅಪ್ಪ ಅವನ ತೊಡೆ ಚಿವುಟಿದ.

ಅಜ್ಜಿ ಒಳಗೆ ಹೋದಳು. ಟಗರಿನ ಮೈಯ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಕಂಬಳಿಯ ಅಂಚನ್ನು ಎಳೆದು ಅದರ ಬೆನ್ನಿಗೆ ಹೊದಿಸಿದಳು. ಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಏಳ್ರಿ, ಕೈ ತೊಳ್ಕೊಳ್ರಿ. ನಿಮ್ಮ ತಾತ ಉಂಡು ಮಲಗ್ಯಾನ. ಮೆಲ್ಲಕ ಉಣ್ರಿ, ಎದ್ದಾನು."