ಕಾರಣ ಹೇಳದ ಗೈರುಹಾಜರಿ

ಹಾಜರಾತಿಯ ನಿಯಮವನ್ನು ಹೊಸದಾಗಿ ಬರೆಯಲು ನಮ್ಮ ಕಾಲೇಜಿನಲ್ಲಿ ಸಮಿತಿ ಮಾಡಿದಾಗ ನಾನು ಅದರಲ್ಲಿರಲು ಖುಷಿಯಿಂದಲೇ ಒಪ್ಪಿಕೊಂಡೆ. ಕಾಲೇಜು ಇರುವುದು ಹಲಸೂರಿನ ಕಡೆ. ನಾನು ಅಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಒಂದು ವಿಷಯದಲ್ಲಿ ಎಪ್ಪತ್ತೈದು ಪರ್ಸೆಂಟ್ ಹಾಜರಾತಿ ಇಲ್ಲದಿದ್ದರೆ ಆ ವಿಷಯದ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ ಎನ್ನುವ ನಿಯಮ ಎಲ್ಲ ಕಡೆಯಂತೆ ನಮ್ಮಲ್ಲೂ ಇತ್ತು. ಆದರೆ ಡಾಕ್ಟರ್ ಸರ್ಟಿಫಿಕೇಟ್ ತಂದವರನ್ನು ಬಿಟ್ಟುಬಿಡುತ್ತಿದ್ದರು. ಇಂದಿರಾನಗರದ, ಕಲ್ಯಾಣ ನಗರದ ಎಷ್ಟೋ ಅನುಕೂಲಸ್ಥರ ಮಕ್ಕಳಿಗೆ, ಕೇಳಿದಂತೆ ಬರೆದುಕೊಡುವ ಪರಿಚಯದ ಡಾಕ್ಟರ್ ಒಬ್ಬರು ಇರುತ್ತಿದ್ದರು. ಬಾಡಿಗೆ ರೂಮಿನಲ್ಲಿದ್ದುಕೊಂಡು ಅಕ್ಕನ ಹೆರಿಗೆಗೆಂದು ರಾಯಚೂರಿಗೆ ಹೋಗಿ ಬಂದ ಹುಡುಗಿ ಮಾತ್ರ ಯಾವ ಕಾಗದವನ್ನೂ ತರಲಾಗದೆ ಆಫೀಸಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇದು ಅನ್ಯಾಯವೆಂದು ನಾನು ಬಹಳ ದಿನದಿಂದ ಹೇಳುತ್ತ ಬಂದಿದ್ದೆ.

ಸಮಿತಿಯಲ್ಲಿ ಪ್ರಿನ್ಸಿಪಾಲರು ಮತ್ತು ನಾನಲ್ಲದೆ ಸ್ಟ್ಯಾಟಿಸ್ಟಿಕ್ಸ್ ಕಲಿಸುವ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಅವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಕೆ.ಆರ್. ಪುರದ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಸಂಬಳಕ್ಕಾಗಿ ಪಾಠ ಮಾಡುವ ಅಗತ್ಯವಿಲ್ಲದಿದ್ದರೂ ಅವರಷ್ಟು ಶ್ರದ್ಧೆಯಿಂದ ಪಾಠ ಮಾಡುವವರನ್ನು ನಾನು ಕಂಡಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಗತಿಯ ಗಲಾಟೆಗೆ ಹೆದರಿ ಸ್ಟಾಫ್ ರೂಮಿನಲ್ಲಿ ಕಣ್ಣೀರಿಟ್ಟಾಗ, ಒಂದು ವಾರ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಂದು ಕೂತವರು ಅವರು. ಸಂಜೆ ನನ್ನನ್ನು ಕಾರಿನಲ್ಲಿ ಕಮ್ಮನಹಳ್ಳಿಯವರೆಗೆ ಬಿಟ್ಟು ಹೋಗುತ್ತಿದ್ದರು. ದಾರಿಯಲ್ಲಿ ಕಾಫಿ ಕುಡಿಯದೆ ಮನೆಗೆ ಹೋದ ದಿನಗಳೇ ಕಡಿಮೆ.

ಕಾಗದವನ್ನು ನಂಬುವುದು ಬೇಡ, ಹಾಜರಾತಿ ಕಡಿಮೆ ಇರುವ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಕೇಳೋಣ ಎಂದು ಸಲಹೆ ಕೊಟ್ಟವರೂ ಅವರೇ. ನನಗದು ಹಿಡಿಸಿತು. ತಂದೆಯೋ ತಾಯಿಯೋ ಜೊತೆಯಲ್ಲಿ ಬರಬೇಕು ಎಂಬುದನ್ನು ಪ್ರಿನ್ಸಿಪಾಲರು ಸೇರಿಸಿದರು. ಕಾರಣ ಸರಿ ಎನಿಸಿದರೆ ಮೂವರೂ ಸಹಿ ಹಾಕುವುದು, ಇಲ್ಲದಿದ್ದರೆ ಇಲ್ಲ. ಇಷ್ಟು ಸರಳವಾದ ನಿಯಮ ಇಲ್ಲಿಯವರೆಗೆ ಯಾಕೆ ಯಾರಿಗೂ ಹೊಳೆಯಲಿಲ್ಲ ಎಂದು ಅಂದು ಕಾರಿನಲ್ಲಿ ಮಾತಾಡಿಕೊಂಡು ಬಂದೆವು.

ಆ ಸೆಮಿಸ್ಟರಿನ ಕೊನೆಯಲ್ಲಿ ಸಮಿತಿಯ ಮುಂದೆ ಬಂದವರಲ್ಲಿ ಎರಡನೇ ವರ್ಷದ ಬಿ.ಕಾಂ. ಹುಡುಗಿಯೊಬ್ಬಳಿದ್ದಳು. ಯಾದಗಿರಿ ಕಡೆಯವಳು. ಅಪ್ಪ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವ ಕೆಲಸಕ್ಕೆ, ಅವ್ವ ಇಂದಿರಾನಗರದ ಎರಡು ಮನೆಗಳ ಕೆಲಸಕ್ಕೆ ಹೋಗುತ್ತಿದ್ದರು. ಕೆ.ಆರ್. ಪುರದ ಮಾರ್ಕೆಟ್ಟಿನ ಹಿಂದೆ ಒಂದು ರೂಮಿನಲ್ಲಿ ಸಂಸಾರ. ನನ್ನ ಕ್ಲಾಸಿನಲ್ಲಿ ಅವಳ ಹಾಜರಾತಿ ಚೆನ್ನಾಗಿಯೇ ಇತ್ತು. ಕಡಿಮೆಯಾಗಿದ್ದದ್ದು ಅಣ್ಣನ ಸ್ಟ್ಯಾಟಿಸ್ಟಿಕ್ಸ್ ಒಂದರಲ್ಲೇ.

ಆ ಹುಡುಗಿಯನ್ನು ನಾನು ಲೈಬ್ರರಿಯಲ್ಲಿ ಹಲವು ಸಲ ಕಂಡಿದ್ದೆ. ವಾರದಲ್ಲಿ ಮೂರು ದಿನ ಬೆಳಗ್ಗೆ ಎರಡನೇ ಪೀರಿಯಡ್ ನನಗೆ ಬಿಡುವು. ಪತ್ರಿಕೆ ಓದಲು ಹೋದರೆ ಮೂಲೆಯ ಮೇಜಿನಲ್ಲಿ ಅವಳಿರುತ್ತಿದ್ದಳು. ಕ್ಲಾಸ್ ಇಲ್ಲವಾ ಎಂದು ಒಮ್ಮೆ ಕೇಳಿದ್ದಕ್ಕೆ ತಲೆನೋವು ಅಂದಿದ್ದಳು. ಪಾಠದ ಪುಸ್ತಕವನ್ನೇ ತೆರೆದಿಟ್ಟುಕೊಂಡಿದ್ದರಿಂದ ನಾನು ಹೆಚ್ಚು ಕೆದಕಲಿಲ್ಲ.

ಸಮಿತಿಯ ಮುಂದೆ ಅವಳ ತಾಯಿ ಕುರ್ಚಿಯ ಅಂಚಿನಲ್ಲಿ ಕೂತರು. ಕೆಲಸದ ಮನೆಯಲ್ಲಿ ಹೇಳಿ ಬಂದಿದ್ದರು, ಬೇಗ ಹೋಗಬೇಕಿತ್ತು. ಮಗಳು ಅಷ್ಟೊಂದು ಕ್ಲಾಸುಗಳಿಗೆ ಬಂದಿಲ್ಲವೆಂದು ಪ್ರಿನ್ಸಿಪಾಲರು ತಿಳಿಸಿದಾಗ ಅವರ ಮುಖ ಕಪ್ಪಿಟ್ಟಿತು.

"ದಿನಾ ಮನಿಯಿಂದ ಹೊಂಡ್ತಾಳ್ರೀ. ನಾನೇ ಬಸ್ ಹತ್ತಿಸ್ತೀನ್ರಿ," ಅಂದರು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಮತ್ತ ಎಲ್ಲಿಗೆ ಹೋಗತಿದ್ದಿ?"

ಹುಡುಗಿ ಮಾತಾಡಲಿಲ್ಲ. ಆ ಮೌನಕ್ಕೆ ತಾಯಿ ಯಾವ ಅರ್ಥ ಕಟ್ಟುತ್ತಿದ್ದಾರೆ ಎಂಬುದು ನಮಗೆಲ್ಲ ಗೊತ್ತಾಗುತ್ತಿತ್ತು. ಕಾಲೇಜು ಸಾಕು ಅಂದುಬಿಡಲು ಅಷ್ಟೇ ಸಾಕಾಗಿತ್ತು. ನಾನು ತಡೆಯಲಾರದೆ, ಅವಳು ಎಲ್ಲೂ ಹೋಗುತ್ತಿರಲಿಲ್ಲ, ಲೈಬ್ರರಿಯಲ್ಲಿ ಓದುತ್ತ ಕೂತಿರುತ್ತಿದ್ದಳು, ನಾನೇ ನೋಡಿದ್ದೇನೆ ಎಂದೆ. ತಾಯಿ ಉಸಿರು ಬಿಟ್ಟರು. ಅಣ್ಣನಿಗೆ ಮಾತ್ರ ಆಶ್ಚರ್ಯವಾಯಿತು.

"ಲೈಬ್ರರಿವರೆಗೂ ಬಂದು ನನ್ನ ಕ್ಲಾಸಿಗೆ ಬರಲ್ಲ ಅಂದ್ರೆ ಹೇಗಮ್ಮ? ಹೇಳು, ನಾವೇನ್ ಹುಲಿಗಳಾ," ಅಂದರು. ಅವಳು ತಲೆ ಎತ್ತದಿದ್ದಾಗ ಅವರು ನಗುನಗುತ್ತ, ಉತ್ತರ ಕರ್ನಾಟಕದ ರಾಗ ಎಳೆದು, "ಯಾಕವಾ ತಂಗಿ, ಏನಾಗೇತಿ ನಿಂಗ?" ಎಂದು ಕೇಳಿದರು.

ಪ್ರಿನ್ಸಿಪಾಲರು ನಕ್ಕರು. ಹುಡುಗಿಯ ತಾಯಿಯೂ ದೊಡ್ಡವರ ತಮಾಷೆಗೆ ನಗಬೇಕೆನ್ನುವಂತೆ ಅರ್ಧ ನಕ್ಕರು. ಹುಡುಗಿಯ ಭುಜಗಳು ಮಾತ್ರ ಒಳಕ್ಕೆ ಮುದುಡಿಕೊಂಡವು. ಪಕ್ಕದ ಕೋಣೆಯಲ್ಲಿ ಪಾಠ ಮಾಡುವಾಗ ಅಣ್ಣನ ಕ್ಲಾಸಿನಿಂದ ಇದೇ ರಾಗ, ಅದರ ಹಿಂದೆ ಇಡೀ ಕ್ಲಾಸಿನ ನಗು ಕೇಳಿಬರುತ್ತಿದ್ದದ್ದು ನನಗೆ ಆಗ ನೆನಪಾಯಿತು. ಎಷ್ಟು ಉಲ್ಲಾಸದ ಕ್ಲಾಸು ಎಂದು ನಾನು ಅಂದುಕೊಳ್ಳುತ್ತಿದ್ದೆ.

ತಾಯಿ ಮಗಳಿಬ್ಬರಿಗೂ ಸ್ವಲ್ಪ ಹೊತ್ತು ಹೊರಗಿರಲು ಹೇಳಿ ನಾನು ಅಣ್ಣನನ್ನು ಕೇಳಿದೆ. ಅವಳು ಉತ್ತರ ಹೇಳಿದಾಗಲೆಲ್ಲ ಹೀಗೇ ಅಣಕಿಸುತ್ತಿದ್ದಿರಾ ಎಂದು. ಅವರಿಗೆ ಮೊದಲು ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ನೋಡಲು ನನಗೇ ಕಷ್ಟವಾಯಿತು. ಪ್ರೀತಿಯಿಂದ ಮಾಡುತ್ತಿದ್ದೆ, ಅವಳೂ ನಗುತ್ತಿದ್ದಳು ಅಂದರು. ಎಲ್ಲರೂ ನಗುವಾಗ ಅವಳು ಇನ್ನೇನು ಮಾಡಬೇಕಿತ್ತು ಅಂದೆ.

ಅವರು ಹಾಜರಾತಿ ಪುಸ್ತಕವನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು, "ನಾನು ಹಳ್ಳಿಯಿಂದ ಕಂಟೋನ್ಮೆಂಟ್ ಸ್ಕೂಲಿಗೆ ಬಂದಾಗ ನನ್ನ ಇಂಗ್ಲಿಷ್ ಕೇಳಿ ಟೀಚರ್‌ಗಳೇ ನಗ್ತಿದ್ರು. ದಿನಾ ನಗ್ತಿದ್ರು. ನಾನು ಒಂದು ಕ್ಲಾಸೂ ತಪ್ಪಿಸ್ಲಿಲ್ಲ."

ಅವರೇ ಮುಂದುವರಿಸಿ, ಮೇಷ್ಟರ ಮೇಲೆ ಬೇಸರವೆಂದು ಕ್ಲಾಸಿಗೆ ಬರದವರಿಗೆಲ್ಲ ಸಹಿ ಹಾಕಿದರೆ ನಿಯಮ ಎನ್ನುವುದಕ್ಕೆ ಏನು ಉಳಿಯುತ್ತದೆ, ನಾಳೆ ಕಟ್ಟುನಿಟ್ಟಿನ ಮೇಷ್ಟರ ಕ್ಲಾಸೆಲ್ಲ ಖಾಲಿಯಾದರೆ ಏನು ಮಾಡೋಣ ಎಂದು ಕೇಳಿದರು. ಅದೂ ಸುಳ್ಳಾಗಿರಲಿಲ್ಲ. ಪ್ರಿನ್ಸಿಪಾಲರಿಗೆ ಇದು ಬೆಳೆಯುವುದು ಬೇಡವಾಗಿತ್ತು. ಅವಳು ದೂರು ಬರೆದುಕೊಟ್ಟರೆ ಅದು ಬೇರೆ ವಿಚಾರ, ಬೇರೆ ಸಮಿತಿಗೆ ಹೋಗುತ್ತದೆ. ಇಲ್ಲವಾದರೆ ಅವಳು ಕಾರಣ ಹೇಳಿಲ್ಲವೆಂದೇ ಆಯಿತು ಅಂದರು.

ನಾನು ಹೊರಗೆ ಬಂದು ಹುಡುಗಿಯನ್ನು ಕಾರಿಡಾರಿನ ತುದಿಗೆ ಕರೆದುಕೊಂಡು ಹೋದೆ. ವಿಷಯ ನನಗೆ ಗೊತ್ತಾಗಿದೆ, ಬರೆದುಕೊಟ್ಟರೆ ನಾನು ಜೊತೆಗಿರುತ್ತೇನೆ ಎಂದೆ. ಅವಳು ಬಹಳ ಯೋಚಿಸಲೂ ಇಲ್ಲ.

"ಬ್ಯಾಡ್ರೀ ಮೇಡಂ. ಸರ್ ಚಲೋ ಕಲಸ್ತಾರ್ರೀ. ನಾ ಬರದು ಕೊಟ್ರ ಅವರಿಗೆ ತ್ರಾಸ ಆಗತೈತಿ." ತಾಯಿಯ ಕಡೆ ಒಮ್ಮೆ ನೋಡಿ, "ನಾ ಮಾತಾಡಿದ್ದನ್ನ ಎಲ್ಲಾರೂ ಮತ್ತ ಹಂಗ ಅಂದು ನಗತಾರ್ರೀ," ಅಂದಳು.

ಅವಳ ತಾಯಿ ದೂರದಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತು ನಮ್ಮನ್ನೇ ನೋಡುತ್ತಿದ್ದರು. ನಾನು ಅವರ ಬಳಿ ಹೋಗಿ, ನಿಮ್ಮ ಮಗಳದ್ದು ಏನೂ ತಪ್ಪಿಲ್ಲ, ಈ ಸಲ ಒಂದು ಪರೀಕ್ಷೆ ಮಾತ್ರ ಬರೆಯಲಾಗುವುದಿಲ್ಲ, ಓದು ಬಿಡಿಸಬೇಡಿ ಎಂದೆ. ತಪ್ಪಿಲ್ಲದಿದ್ದರೆ ಪರೀಕ್ಷೆಗೆ ಯಾಕೆ ಕೂರಿಸುವುದಿಲ್ಲ ಎಂದು ಅವರು ಕೇಳಿದರು.

ಮೂರು ಸಹಿಗಳಲ್ಲಿ ನನ್ನದೊಂದೇ ಬಿತ್ತು. ಉಳಿದ ವಿಷಯಗಳನ್ನು ಬರೆದು ಪಾಸಾದ ಹುಡುಗಿ ಮರುವರ್ಷ ತನಗಿಂತ ಚಿಕ್ಕವರ ಜೊತೆ ಕೂತು ಸ್ಟ್ಯಾಟಿಸ್ಟಿಕ್ಸ್ ಕೇಳಿದಳು. ಒಂದು ಕ್ಲಾಸನ್ನೂ ಬಿಡಲಿಲ್ಲವಂತೆ, ಒಳ್ಳೆಯ ಅಂಕವೂ ಬಂತು. ಅಣ್ಣ ಅಣಕಿಸುವುದನ್ನು ನಿಲ್ಲಿಸಿದ್ದರು. ಅದರ ಜೊತೆಗೆ ತಮಾಷೆಯನ್ನೂ ನಿಲ್ಲಿಸಿದರು. ಬೋರ್ಡಿನ ಕಡೆ ಮುಖ ಮಾಡಿ ಲೆಕ್ಕ ಬಿಡಿಸಿ ಹೊರಟುಬಿಡುತ್ತಾರೆ, ಮೊದಲಿನ ಸರ್ ಅಲ್ಲ ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ಪಕ್ಕದ ಕೋಣೆಯಿಂದ ನಗು ಬರುವುದು ನಿಂತುಹೋಯಿತು. ಅವರ ಕಾರಿನಲ್ಲಿ ನಾನು ಹೋಗುವುದೂ ನಿಂತಿತು. ಜಗಳವೇನೂ ಆಗಲಿಲ್ಲ. ಒಂದು ಸಂಜೆ ಅವರಿಗೆ ಬೇರೆ ಕೆಲಸವಿತ್ತು, ಇನ್ನೊಂದು ಸಂಜೆ ನನಗಿತ್ತು, ಆಮೇಲೆ ಇಬ್ಬರೂ ಕೇಳುವುದನ್ನು ಬಿಟ್ಟೆವು.

ಮುಂದಿನ ಸಭೆಯಲ್ಲಿ ನಿಯಮ ಬದಲಿಸಬೇಕೆಂದು ನಾನು ಹಟ ಹಿಡಿದೆ. ವಿದ್ಯಾರ್ಥಿ ತನಗೆ ನಂಬಿಕೆಯಿರುವ ಒಬ್ಬ ಅಧ್ಯಾಪಕರಿಗೆ ಮಾತ್ರ ಹೇಳಿಕೊಂಡರೆ ಸಾಕು, ಆ ಅಧ್ಯಾಪಕರು ಕಾರಣವನ್ನು ಯಾರಿಗೂ ತಿಳಿಸಬೇಕಿಲ್ಲ, ಅವರೊಬ್ಬರ ಸಹಿಯೇ ಸಾಕು ಎಂಬುದು ನನ್ನ ಕೋರಿಕೆ. ಅಣ್ಣ ವಿರೋಧಿಸಲಿಲ್ಲ. ಸಹಿಗೆ ಹೊಣೆ ಹೊರಲು ತಯಾರಿದ್ದೀರಾ ಎಂದಷ್ಟೇ ಕೇಳಿದರು. ನಿಯಮ ಜಾರಿಗೆ ಬಂತು.

ಹೋದ ಸೆಮಿಸ್ಟರಿನಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಮನೆಯಲ್ಲಿ ತೊಂದರೆ, ಏನೆಂದು ಹೇಳಲಾರೆ ಅಂದಳು. ಒತ್ತಾಯ ಮಾಡಬಾರದೆಂದು ಸಹಿ ಹಾಕಿ ಕೊಟ್ಟೆ. ಅದೇ ಸಂಜೆ ಕಮರ್ಷಿಯಲ್ ಸ್ಟ್ರೀಟಿಗೆ ಬಟ್ಟೆ ಕೊಳ್ಳಲು ಹೋದಾಗ ಅವಳು ಗೆಳತಿಯರ ಜೊತೆ ಓಲೆಗಳನ್ನು ಕಿವಿಗೆ ಹಿಡಿದು ನೋಡುತ್ತ ಜೋರಾಗಿ ನಗುತ್ತಿದ್ದಳು. ತೊಂದರೆಯಲ್ಲಿರುವವರು ನಗಬಾರದೆಂದೇನಿಲ್ಲ. ಮನೆಯಿಂದ ಒಂದು ಗಳಿಗೆ ತಪ್ಪಿಸಿಕೊಂಡು ಬಂದಿದ್ದಳೋ, ನನಗೆ ಚೆನ್ನಾಗಿ ಟೋಪಿ ಹಾಕಿದ್ದಳೋ, ಅವಳ ಮುಖದಿಂದ ತಿಳಿಯುವಂತಿರಲಿಲ್ಲ. ಅವಳು ನನ್ನನ್ನು ಕಂಡರೆ ಏನು ಮಾಡುತ್ತಾಳೋ ಎಂದು ನಾನೇ ಹೆದರಿ, ಬೇಕಾಗಿದ್ದ ಅಂಗಡಿಯನ್ನು ಬಿಟ್ಟು ಪಕ್ಕದ ಗಲ್ಲಿಗೆ ತಿರುಗಿಕೊಂಡೆ. ಮರುದಿನ ಸ್ಟಾಫ್ ರೂಮಿನಲ್ಲಿ ಎದುರು ಕೂತಿದ್ದ ಅಣ್ಣನಿಗೆ ಇದನ್ನು ಹೇಳಬೇಕು, ಅವರೇನೆನ್ನುತ್ತಾರೆ ಕೇಳಬೇಕು ಎಂದು ಬಹಳ ಅನ್ನಿಸಿತು. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಹೇಳಲಿಲ್ಲ.