ಸೇತುರಾಮನ ಮೀಸೆ

ಸೇತುರಾಮನ ಕಥೆಗಳಲ್ಲಿ ಯಾರಿಗೂ ಮೈಯ ಮೇಲೆ ಮಮಕಾರವಿರಲಿಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಸಂಜೆಯ ಹೊತ್ತು ವಾರಪತ್ರಿಕೆಗಳಿಗೆ ವೈಜ್ಞಾನಿಕ ಕಥೆ ಬರೆಯುತ್ತಿದ್ದ. ಅವುಗಳಲ್ಲಿ ಜನ ಮುಪ್ಪಾದ ದೇಹವನ್ನು ಕಳಚಿ ಎಸೆದು, ನೆನಪುಗಳನ್ನೆಲ್ಲ ಉಕ್ಕಿನ ಬೊಂಬೆಗೆ ತುಂಬಿಕೊಂಡು, ಬೇರೆ ಗ್ರಹಕ್ಕೆ ಹೊರಟುಬಿಡುತ್ತಿದ್ದರು. ಬಡಾವಣೆಯ ಸಂಘದಲ್ಲಿ ಅವನ ಭಾಷಣವೂ ಅದೇ. "ದೇಹ ಅನ್ನೋದು ಬರೀ ಡಬ್ಬ ಸ್ವಾಮಿ. ಅದಕ್ಕೆ ಅಂಟ್ಕೊಂಡು ಅಳೋದು ದಡ್ಡತನ." ಹೀಗೆನ್ನುವಾಗ ಎಡಗೈ ಮಾತ್ರ ಮೀಸೆಯ ತುದಿಯನ್ನು ಹುರಿ ಮಾಡುತ್ತಿರುತ್ತಿತ್ತು. ಆ ಮೀಸೆಗೆಂದೇ ಒಂದು ಪುಟ್ಟ ಬಾಚಣಿಗೆ, ಒಂದು ಎಣ್ಣೆಯ ಶೀಸೆ. ಹೆಂಡತಿ ಮುಟ್ಟುವಂತಿರಲಿಲ್ಲ.

ಎಪ್ಪತ್ತಾರನೆಯ ಇಸವಿಯ ಬೇಸಗೆಯಲ್ಲಿ ಅವನ ತಂದೆ ಜಗನ್ನಾಥರಾಯರು ತೀರಿಕೊಂಡರು. ಕೊಳ್ಳಿಯಿಡುವ ಹಿರಿಯ ಮಗ ಮೊದಲು ತಲೆಯನ್ನೂ ಮೀಸೆಯನ್ನೂ ಬೋಳಿಸಿಕೊಳ್ಳಬೇಕು. ಹಿತ್ತಲಲ್ಲಿ ಕ್ಷೌರದ ಅಂಜಿನಯ್ಯ ಕತ್ತಿ ಮಸೆದು ಕಾದಿದ್ದ. ಬೀದಿಯಲ್ಲಿ ಚಟ್ಟ ಸಿದ್ಧವಾಗಿತ್ತು.

"ತಲೆ ಬೋಳಿಸಲಿ. ಮೀಸೆ ಬೇಡ" ಎಂದ ಸೇತುರಾಮ. ತಲೆಯಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

"ಅದು ಮತ್ತೆ ಬೆಳೆಯುತ್ತೆ ಕಣಪ್ಪಾ" ಎಂದರು ಪುರೋಹಿತರು.

"ಬೆಳೆಯೋದು ಬೇರೆ ಮೀಸೆ ಶಾಸ್ತ್ರಿಗಳೇ. ಇದಲ್ಲ. ಪತ್ರಿಕೇಲಿ ನನ್ನ ಫೋಟೋ ಬರುತ್ತೆ. ಜನ ನನ್ನ ಗುರುತು ಹಿಡಿಯೋದೇ ಇದರಿಂದ."

ಬಾಗಿಲಿಗೆ ಒರಗಿ ನಿಂತಿದ್ದ ತಮ್ಮ ನಾಣಿ ತಣ್ಣಗೆ ಕೇಳಿದ. "ಅಲ್ಲಣ್ಣ, ನಿನ್ನ ಕಥೇಲಿ ಇಡೀ ಮೈನೇ ಬಿಟ್ಟು ಹೋಗ್ತಾರಲ್ಲ. ನೀನು ಎರಡು ಬೆರಳಗಲ ಕೂದಲು ಬಿಡಲಾರೆಯಾ?"

"ಅದು ಕಥೆ ಕಣೋ."

"ಹಾಗಾದ್ರೆ ನಿನ್ನ ಉಕ್ಕಿನ ಬೊಂಬೆಗೂ ಒಂದು ಮೀಸೆ ಅಂಟಿಸು."

ಬಂಧುಗಳು ತಲೆ ತಗ್ಗಿಸಿ ನಗು ನುಂಗಿದರು. ಸೇತುರಾಮ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತ. ದುಃಖದಿಂದಲ್ಲ, ಕತ್ತಿಯ ಭಯದಿಂದ.

ಗಂಡನ ತಲೆದೆಸೆಯಲ್ಲಿ ಕುಳಿತಿದ್ದ ತಾಯಿ ಸತ್ಯವತಮ್ಮನವರಿಗೆ ಇದೆಲ್ಲ ಕೇಳಿಸುತ್ತಿತ್ತು. ಅವರು ಮೆಲ್ಲನೆ ಎದ್ದು ಹಿತ್ತಲ ಬಾಗಿಲಿಗೆ ಬಂದರು. ಮುಡಿಯಲ್ಲಿ ಹೂವು, ಕೈತುಂಬ ಹಸಿರು ಬಳೆ ಇನ್ನೂ ಇದ್ದವು.

"ಇನ್ನು ಹತ್ತು ದಿನಕ್ಕೆ ನನ್ನ ಬಳೆ ಒಡೀತಾರೆ, ಕುಂಕುಮ ಅಳಿಸ್ತಾರೆ" ಎಂದರು. "ನಲವತ್ತು ವರ್ಷದಿಂದ ಜನ ನನ್ನ ಗುರುತು ಹಿಡಿದದ್ದೂ ಇದರಿಂದಲೇ. ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ಸೇತು?"

ಸೇತುರಾಮ ಬಾಯ ಮೇಲಿನ ಕೈ ತೆಗೆಯಲಿಲ್ಲ.

"ಸರಿ. ನಾಣಿ, ನೀನು ಹೋಗಿ ಕೂತ್ಕೋ."

ನಾಣಿಗೆ ಆ ಕಾಲದ ಹುಡುಗರಂತೆ ಕಿವಿ ಮುಚ್ಚುವ ಗುಂಗುರು ಕೂದಲಿತ್ತು. ಅವನು ಅಂಗಿ ಕಳಚಿಟ್ಟು ಅಂಜಿನಯ್ಯನ ಮುಂದೆ ಕುಳಿತ. ಸ್ವಲ್ಪ ಹೊತ್ತಿಗೆ ತಲೆ ಬೋಳಾಗಿ, ಕೈಯಲ್ಲಿ ಬೆಂಕಿಯ ಮಡಕೆ ಹಿಡಿದು ಶವದ ಮುಂದೆ ನಡೆದ. ಹಿರಿಯ ಮಗ ಮೀಸೆಸಮೇತ ನೆರೆಹೊರೆಯವರ ನಡುವೆ ಹಿಂದೆ ಬಂದ.

ಅಲ್ಲಿಂದಾಚೆಗೆ ರಾಯರ ಶ್ರಾದ್ಧ ವಿಜಯನಗರದ ನಾಣಿಯ ಮನೆಯಲ್ಲೇ ನಡೆಯುತ್ತಿತ್ತು. ಸೇತುರಾಮ ಊಟದ ವೇಳೆಗೆ ಬರುತ್ತಿದ್ದ. "ಬಂದವರಿಗೆಲ್ಲ ಎಲೆ ಹಾಕಿ" ಎಂದು ಸತ್ಯವತಮ್ಮನವರು ಒಳಗಿನಿಂದ ಹೇಳುವಾಗ, ಆ ಬಂದವರಲ್ಲಿ ಅವನೂ ಒಬ್ಬ.